ವಿಲ್ ಸುಳ್ಳು ಹೇಳಿರಲಿಲ್ಲ

1/10

ಮೊದಲೇ ಹೇಳ್ಬಿಡ್ತೀನಿ, ಈ ಸರಣಿ ಪೂರ್ತಿ ಸ್ಪಾಯ್ಲರ್. 'ಗೇಮ್ ಆಫ್ ಥ್ರೋನ್ಸ್' ಇನ್ನೂ ನೋಡಿಲ್ಲ, ನೋಡೋ ಪ್ಲಾನ್ ಇದೆ ಅಂದ್ರೆ ಈ ಪೋಸ್ಟ್ ಸೇವ್ ಮಾಡ್ಕೊಂಡು ಹೋಗಿ, ನೋಡಿ ಮುಗಿಸಿ ಬನ್ನಿ. ಇನ್ನೊಂದು ಮಾತು. ಇದು ದೊಡ್ಡವರ ಸೀರೀಸ್. ಹಾಲ್‌ನಲ್ಲಿ ಅಪ್ಪ ಅಮ್ಮನ ಪಕ್ಕ ಕೂತು ಹಾಕೋ ಸಾಹಸ ಮಾತ್ರ ಮಾಡ್ಬೇಡಿ.

ಈಗ ವಿಷಯಕ್ಕೆ ಬರೋಣ. ಈ ಸೀರೀಸ್‌ನಲ್ಲಿ ನಿಮಗೆ ಇಷ್ಟವಾದ ಪಾತ್ರ ಯಾವುದು ಅಂತ ನಮ್ಮ ಕ್ಲಾಸಲ್ಲಿ ಕೇಳಿದ್ರೆ ಉತ್ತರ ಗೊತ್ತೇ ಇದೆ. ಅರ್ಧ ಜನ ಟಿರಿಯನ್ ಅಂತಾರೆ, ಉಳಿದವರು ಆರ್ಯಾ, ಜಾನ್ ಸ್ನೋ ಅಂತಾರೆ. ಹಿಂದಿನ ಬೆಂಚಿಂದ ಒಬ್ಬ ಡ್ರ್ಯಾಗನ್ ಅಂತಾನೆ. ನಾನು ಹೇಳೋ ಹೆಸರು ವಿಲ್.

"ವಿಲ್ಲಾ? ಯಾವನು ಅವನು?" ಅಂತ ನೀವು ಕೇಳ್ತೀರ ಅಂತ ಗೊತ್ತು. ಒಟ್ಟು 8 ಸೀಸನ್, 73 ಎಪಿಸೋಡ್ ಇರೋ ಕಥೆಯಲ್ಲಿ ಅವನು ಇರೋದು ಮೊದಲ ಎಪಿಸೋಡಿನ ಸುಮಾರು ಕಾಲು ಗಂಟೆ ಮಾತ್ರ. ಅವನಿಗೆ ಕಿರೀಟ ಇಲ್ಲ, ಮನೆತನದ ಬಾವುಟ ಇಲ್ಲ, ಲವ್ ಸ್ಟೋರಿಯಂತೂ ಇಲ್ಲವೇ ಇಲ್ಲ. ಪಾತ್ರ ಮಾಡಿದ್ದು ಬ್ರಾನ್ಸನ್ ವೆಬ್ ಅನ್ನೋ ನಟ. ಇಡೀ ಸೀರೀಸ್ ನೋಡಿ ಮುಗಿಸಿದ ಎಷ್ಟೋ ಜನಕ್ಕೆ ಆ ಹೆಸರೂ ನೆನಪಿರಲ್ಲ, ಈ ಹೆಸರೂ ನೆನಪಿರಲ್ಲ.

ಆದ್ರೆ ಇಡೀ ಕಥೆಯ ಅತಿ ದೊಡ್ಡ ಸತ್ಯವನ್ನ ಗೋಡೆಯ ಈ ಕಡೆ ಮೊದಲು ತಂದವನು ಅವನೇ. ತಂದು ಹೇಳಿದ. ಕೇಳಿಸಿಕೊಂಡವರು ಅವನ ತಲೆ ತೆಗೆದರು. ಅದೂ ಕೆಟ್ಟವರಲ್ಲ, ಕಥೆಯ ಅತ್ಯಂತ ಒಳ್ಳೆಯ ಮನುಷ್ಯನೇ ತೆಗೆದ.

ಹತ್ತು ಕ್ಯಾಪ್ಶನ್‌ಗಳಲ್ಲಿ ಆ ಕಾಲು ಗಂಟೆ ಯಾಕೆ ಮುಖ್ಯ ಅಂತ ಹೇಳ್ತೀನಿ. ಚಹಾ ಇದ್ರೆ ತಗೊಂಡು ಕೂತ್ಕೊಳ್ಳಿ.

2/10

ಎಪಿಸೋಡಿನ ಹೆಸರು 'ವಿಂಟರ್ ಈಸ್ ಕಮಿಂಗ್'. 2011ರ ಏಪ್ರಿಲ್ 17ರಂದು ಎಚ್‌ಬಿಒ ಚಾನೆಲ್ಲಿನಲ್ಲಿ ಬಂತು. ಟೈಟಲ್ ಮ್ಯೂಸಿಕ್ ಶುರುವಾಗೋಕೂ ಮುಂಚೆ ಒಂದು ದೃಶ್ಯ ಇದೆ. ನೆನಪು ಮಾಡ್ಕೊಳ್ಳಿ.

ಮಂಜುಗಡ್ಡೆಯ ದೊಡ್ಡ ಗೋಡೆ. ಅದರ ಕೆಳಗಿನ ಸುರಂಗದಿಂದ ಮೂರು ಕುದುರೆಗಳು ಆಚೆ ಹೋಗ್ತವೆ. ಮೂವರೂ ನೈಟ್ಸ್ ವಾಚ್‌ನವರು, ಅಂದ್ರೆ ಗೋಡೆ ಕಾಯೋ ಕಪ್ಪು ಬಟ್ಟೆಯ ಕಾವಲುಗಾರರು. ಒಬ್ಬ ವೇಮರ್ ರಾಯ್ಸ್, ದೊಡ್ಡ ಮನೆತನದ ಹುಡುಗ, ಇವರ ಬಾಸ್. ಇನ್ನೊಬ್ಬ ಗ್ಯಾರೆಡ್, ಅನುಭವಸ್ಥ. ಮೂರನೆಯವನು ನಮ್ಮ ವಿಲ್.

ವಿಲ್ ಕಾಡಲ್ಲಿ ಮುಂದೆ ಹೋಗಿ ನೋಡ್ತಾನೆ. ಕಾಡು ಜನರ ಹೆಣಗಳು. ತುಂಡು ತುಂಡು ಮಾಡಿ ಹಿಮದ ಮೇಲೆ ಒಂದು ಆಕಾರದಲ್ಲಿ ಜೋಡಿಸಿಟ್ಟಿದ್ದಾರೆ. ಒಬ್ಬ ಪುಟ್ಟ ಹುಡುಗಿಯನ್ನ ಮರಕ್ಕೆ ಚುಚ್ಚಿ ನಿಲ್ಲಿಸಿದ್ದಾರೆ. ಓಡಿ ಬಂದು ಬಾಸ್‌ಗೆ ಹೇಳ್ತಾನೆ. ಗ್ಯಾರೆಡ್ ವಾಪಸ್ ಹೋಗೋಣ ಅಂತಾನೆ. ರಾಯ್ಸ್ ಒಪ್ಪಲ್ಲ. ಹೆಣಕ್ಕೆ ಹೆದರ್ತೀರಾ ಅನ್ನೋ ಧಾಟಿಯಲ್ಲಿ ಮಾತಾಡಿ, ಮತ್ತೆ ಅಲ್ಲಿಗೇ ಕರ್ಕೊಂಡು ಹೋಗ್ತಾನೆ. ಹೋಗಿ ನೋಡಿದ್ರೆ ಹೆಣಗಳೇ ಇಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಿ. ವಿಲ್‌ನ ಮಾತನ್ನ ಮೇಲಿನವರು ತಳ್ಳಿಹಾಕಿದ ಮೊದಲ ಸಲ ಇದು. ಕಥೆ ಶುರುವಾಗಿ ಐದಾರು ನಿಮಿಷ ಆಗಿದೆ ಅಷ್ಟೇ. ಮೂವರಲ್ಲಿ ಇಬ್ಬರಿಗೆ ಅಪಾಯ ಗೊತ್ತಾಗಿದೆ. ಆದ್ರೆ ತೀರ್ಮಾನ ತಗೊಳ್ಳೋನು ಮೂರನೆಯವನು.

ಮುಂದಿನದು ನಿಮಗೆ ಗೊತ್ತು. ವೈಟ್ ವಾಕರ್ ಬರುತ್ತೆ, ರಾಯ್ಸ್ ಸಾಯ್ತಾನೆ. ಮರಕ್ಕೆ ಚುಚ್ಚಿದ್ದ ಅದೇ ಹುಡುಗಿ ತಿರುಗಿ ನೋಡ್ತಾಳೆ, ಕಣ್ಣು ನೀಲಿ. ಗ್ಯಾರೆಡ್‌ನ ತಲೆ ಬಂದು ವಿಲ್‌ನ ಮುಂದೆ ಬೀಳುತ್ತೆ. ಕಟ್. ಟೈಟಲ್ ಮ್ಯೂಸಿಕ್.

3/10

ಟೈಟಲ್ ಮುಗಿದ ಮೇಲೆ ವಿಲ್ ಒಬ್ಬನೇ, ಗೋಡೆಯ ದಕ್ಷಿಣಕ್ಕೆ. ಹೇಗೆ ದಾಟಿದ ಅನ್ನೋದನ್ನ ಎಪಿಸೋಡ್ ತೋರಿಸಲ್ಲ. ಅವನ ಮುಖ ನೋಡಿದ್ರೆ ಸಾಕು, ಎಷ್ಟು ದಿನದಿಂದ ನಿದ್ದೆ ಇಲ್ಲ ಅಂತ ಗೊತ್ತಾಗುತ್ತೆ. ಉತ್ತರದ ಸೈನಿಕರು ಸುತ್ತುವರಿತಾರೆ.

ನೈಟ್ಸ್ ವಾಚ್‌ನ ಪ್ರಮಾಣ ಸಾಯೋವರೆಗಿನದು. ಬಿಟ್ಟು ಓಡಿದ್ರೆ ಮರಣದಂಡನೆ. ಇದು ಅಲ್ಲಿ ಮಕ್ಕಳಿಗೂ ಗೊತ್ತಿರೋ ಕಾನೂನು. ಸುದ್ದಿ ವಿಂಟರ್‌ಫೆಲ್‌ಗೆ ಹೋಗುತ್ತೆ. ನೆಡ್ ಸ್ಟಾರ್ಕ್ ತನ್ನ ಮಕ್ಕಳನ್ನ ಕರ್ಕೊಂಡು ಬರ್ತಾನೆ. ಹತ್ತು ವರ್ಷದ ಬ್ರಾನ್‌ಗೆ ಇದು ಮೊದಲ ಮರಣದಂಡನೆ.

ಈಗ ವಿಲ್ ಏನು ಹೇಳ್ತಾನೆ ಗಮನಿಸಿ. ಜೀವ ಉಳಿಸಿ ಅಂತ ಕೇಳಲ್ಲ. ತಾನು ಪ್ರಮಾಣ ಮುರಿದಿದ್ದು ನಿಜ, ಗೋಡೆಗೆ ವಾಪಸ್ ಹೋಗಿ ಎಚ್ಚರಿಸಬೇಕಿತ್ತು ಅಂತ ತಾನೇ ಒಪ್ಕೊಳ್ತಾನೆ. ಆದ್ರೆ ಕಂಡಿದ್ದು ಕಂಡಿದ್ದೇ ಅಂತಾನೆ. ವೈಟ್ ವಾಕರ್‌ಗಳನ್ನ ನೋಡಿದೆ, ಜನಕ್ಕೆ ಇದು ಗೊತ್ತಾಗ್ಬೇಕು ಅಂತಾನೆ. ಕೊನೆಗೆ ಒಂದೇ ಒಂದು ಕೋರಿಕೆ: ಸಾಧ್ಯ ಆದ್ರೆ ನನ್ನ ಮನೆಯವರಿಗೆ ಹೇಳಿ, ನಾನು ಹೇಡಿ ಅಲ್ಲ ಅಂತ.

ನನಗೆ ಪ್ರತಿ ಸಲ ಗಂಟಲು ಕಟ್ಟೋದು ಇಲ್ಲಿ. ಸಾಯೋಕೆ ಎರಡು ನಿಮಿಷ ಇದೆ. ಅವನಿಗೆ ಬೇಕಿರೋದು ಕ್ಷಮೆ ಅಲ್ಲ. ಎರಡೇ ಎರಡು ವಿಷಯ. ಊರಿಗೆ ಸುದ್ದಿ ಮುಟ್ಟಬೇಕು, ಮನೆಗೆ ಮರ್ಯಾದೆ ಮುಟ್ಟಬೇಕು. ಸುದ್ದಿ ಮುಟ್ಟಲಿಲ್ಲ ಅಂತ ಕಥೆಯೇ ತೋರಿಸುತ್ತೆ. ಮನೆಗೆ ಯಾರಾದ್ರೂ ಹೋಗಿ ಹೇಳಿದ್ರಾ ಅನ್ನೋದನ್ನಂತೂ ತೋರಿಸೋದೇ ಇಲ್ಲ.

ನೆಡ್ ತನ್ನ ದೊಡ್ಡ ಕತ್ತಿ ಐಸ್ ಎತ್ತುತ್ತಾನೆ. ಕಣ್ಣು ತಿರುಗಿಸ್ಬೇಡ, ಅಪ್ಪನಿಗೆ ಗೊತ್ತಾಗುತ್ತೆ ಅಂತ ಜಾನ್ ಬ್ರಾನ್‌ಗೆ ಹೇಳ್ತಾನೆ. ಬ್ರಾನ್ ನೋಡ್ತಾನೆ. ಮುಗೀತು.

4/10

ಈಗ ಒಂದು ಇಂಟರೆಸ್ಟಿಂಗ್ ವಿಷಯ. ಜಾರ್ಜ್ ಆರ್. ಆರ್. ಮಾರ್ಟಿನ್ 1996ರಲ್ಲಿ ಬರೆದ ಮೂಲ ಕಾದಂಬರಿಯಲ್ಲಿ ತಪ್ಪಿಸಿಕೊಂಡು ಬರೋನು ವಿಲ್ ಅಲ್ಲ, ಗ್ಯಾರೆಡ್. ವಿಲ್ ಅಲ್ಲೇ ಕಾಡಲ್ಲೇ ಸಾಯ್ತಾನೆ. ಗ್ಯಾರೆಡ್‌ಗೆ ಐವತ್ತು ದಾಟಿದೆ, ನಲವತ್ತು ವರ್ಷ ಗೋಡೆ ಕಾದವನು. ಅವನು ಸಾಯೋ ಮುಂಚೆ ಏನು ಹೇಳಿದ ಅನ್ನೋದು ಓದುಗರಿಗೆ ಕೇಳಿಸೋದೇ ಇಲ್ಲ. ಪ್ರಶ್ನೆ ಕೇಳಿದ್ರು, ಅವನು ಉತ್ತರ ಕೊಟ್ಟ, ಅದು ಬ್ರಾನ್‌ಗೆ ಆಮೇಲೆ ಸರಿಯಾಗಿ ನೆನಪಾಗಲಿಲ್ಲ ಅಂತ ಮಾತ್ರ ಬರುತ್ತೆ.

ಸೀರೀಸ್ ಬರೆದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಇದನ್ನ ಬದಲಾಯಿಸಿದ್ರು. ಮುದುಕನ ಜಾಗಕ್ಕೆ ಹುಡುಗ ಬಂದ, ಮೌನದ ಜಾಗಕ್ಕೆ ಮಾತು ಬಂತು. ಇದರಿಂದ ಏನಾಯ್ತು ಅಂದ್ರೆ, ಪುಸ್ತಕದಲ್ಲಿ ಅದು ಬ್ರಾನ್ ದೊಡ್ಡವನಾಗೋ ದೃಶ್ಯ. ಟಿವಿಯಲ್ಲಿ ಅದು ನಮ್ಮನ್ನ ಸಾಕ್ಷಿ ಮಾಡೋ ದೃಶ್ಯ. ಯಾಕಂದ್ರೆ ವಿಲ್ ನೋಡಿದ್ದನ್ನ ನಾವೂ ನೋಡಿದ್ದೀವಿ, ಹತ್ತು ನಿಮಿಷದ ಹಿಂದೆ. ಅವನು ಹೇಳ್ತಿರೋದು ನೂರಕ್ಕೆ ನೂರು ನಿಜ ಅಂತ ನಮಗೆ ಗೊತ್ತು. ಅಲ್ಲಿ ನಿಂತಿರೋ ಒಬ್ಬರಿಗೂ ಗೊತ್ತಿಲ್ಲ.

ಪುಸ್ತಕದ ವಿಲ್ ಯಾರು ಗೊತ್ತಾ? ಜಮೀನ್ದಾರರ ಕಾಡಲ್ಲಿ ಜಿಂಕೆ ಬೇಟೆ ಆಡಿ ಸಿಕ್ಕಿಬಿದ್ದವನು. ಕೈ ಕಳ್ಕೊಳ್ತೀಯೋ, ಕಪ್ಪು ಬಟ್ಟೆ ಹಾಕ್ತೀಯೋ ಅಂತ ಕೇಳಿದಾಗ ಕಪ್ಪು ಬಟ್ಟೆ ಆರಿಸಿಕೊಂಡವನು. ಅಂದ್ರೆ ಅವನಂಥವರ ಮಾತಿಗೆ ಆ ಲೋಕದಲ್ಲಿ ಮೊದಲಿಂದಲೂ ಬೆಲೆ ಇಲ್ಲ.

ಹಂಗಾದ್ರೆ ನೆಡ್ ಕೆಟ್ಟವನಾ? ಅಲ್ಲ. ನೆಡ್ ಬಗ್ಗೆ ನನಗೆ ಗೌರವ ಇದೆ. ಶಿಕ್ಷೆ ಕೊಟ್ಟವನೇ ಕತ್ತಿ ಹಿಡೀಬೇಕು, ಬೇರೆಯವರ ಕೈಲಿ ಮಾಡಿಸ್ಬಾರದು ಅಂತ ಮಗನಿಗೆ ಕಲಿಸ್ತಾನೆ. ಎಷ್ಟು ಜನ ಅಧಿಕಾರಿಗಳು ಹಂಗಿರ್ತಾರೆ ಹೇಳಿ? ಪ್ರಶ್ನೆ ಇರೋದು ಅವನ ಒಳ್ಳೆಯತನದಲ್ಲಿ ಅಲ್ಲ, ಅವನು ಕೇಳದೇ ಬಿಟ್ಟಿದ್ದರಲ್ಲಿ.

5/10

ವಾಪಸ್ ಹೋಗ್ತಾ ಬ್ರಾನ್ ಕೇಳ್ತಾನೆ, ಅವನು ವೈಟ್ ವಾಕರ್ ನೋಡಿದ್ದು ನಿಜಾನಾ ಅಂತ. ಅವು ಹೋಗಿ ಸಾವಿರಾರು ವರ್ಷ ಆಯ್ತು ಅಂತಾನೆ ನೆಡ್. ಹಂಗಾದ್ರೆ ಸುಳ್ಳು ಹೇಳಿದ್ನಾ? ಹುಚ್ಚ ತನಗೆ ಕಂಡಿದ್ದನ್ನ ಕಾಣ್ತಾನೆ ಅನ್ನೋ ಅರ್ಥದ ಉತ್ತರ ಬರುತ್ತೆ.

ಹತ್ತು ವರ್ಷದ ಹುಡುಗ ಕೇಳಿದ ಪ್ರಶ್ನೆ ಸರಿಯಾಗಿತ್ತು ಅಲ್ವಾ?

ಅದೇ ಎಪಿಸೋಡಲ್ಲಿ ಸ್ವಲ್ಪ ಮುಂದೆ ಬನ್ನಿ. ರಾಜ ರಾಬರ್ಟ್ ವಿಂಟರ್‌ಫೆಲ್‌ಗೆ ಬಂದಿದ್ದಾನೆ, ಹಬ್ಬದೂಟ ನಡೀತಿದೆ. ನೆಡ್‌ನ ತಮ್ಮ ಬೆಂಜನ್ ಗೋಡೆಯಿಂದ ಬರ್ತಾನೆ. ಅವನೂ ನೈಟ್ಸ್ ವಾಚ್‌ನವನೇ, ವಿಲ್‌ನಂಥ ರೇಂಜರ್‌ಗಳ ಮುಖ್ಯಸ್ಥ. ಗಲಾಟೆ ಮಧ್ಯೆ ಅಣ್ಣ ತಮ್ಮ ನಿಂತು ಅರ್ಧ ನಿಮಿಷ ಮಾತಾಡ್ತಾರೆ. ಹೆಚ್ಚಿನವರು ಈ ಅರ್ಧ ನಿಮಿಷವನ್ನ ಗಮನಿಸಿಯೇ ಇರಲ್ಲ.

ನಾನು ತಲೆ ತೆಗೆದ ಆ ಹುಡುಗ ನಿನಗೆ ಗೊತ್ತಿತ್ತಾ ಅಂತ ನೆಡ್ ಕೇಳ್ತಾನೆ. ಗೊತ್ತಿತ್ತು, ಚಿಕ್ಕವನು, ಆದ್ರೆ ಗಟ್ಟಿ, ನಿಜವಾದ ರೇಂಜರ್ ಅಂತಾನೆ ಬೆಂಜನ್. ಅವನು ಹುಚ್ಚು ಹುಚ್ಚಾಗಿ ಮಾತಾಡ್ತಿದ್ದ, ವಾಕರ್‌ಗಳು ಸ್ನೇಹಿತರನ್ನ ಕೊಂದ್ರು ಅಂದ ಅಂತಾನೆ ನೆಡ್. ಅವನ ಜೊತೆ ಹೋದ ಇಬ್ಬರೂ ಇನ್ನೂ ಸಿಕ್ಕಿಲ್ಲ ಅಂತಾನೆ ಬೆಂಜನ್. ನೆಡ್ ತಕ್ಷಣ, ಕಾಡು ಜನರ ದಾಳಿ ಇರ್ಬೇಕು ಅಂತಾನೆ. ಇರಬಹುದು ಅಂತಾನೆ ತಮ್ಮ. ಆ 'ಇರಬಹುದು'ವಿನಲ್ಲಿ ಅನುಮಾನ ಇದೆ.

ನೋಡಿ, ಮೂರು ವಿಷಯ ಹೊರಗೆ ಬಂತು. ಹುಡುಗ ಸುಮ್ನೆ ಹೆದರೋನಲ್ಲ. ಅವನ ಇಬ್ಬರು ಜೊತೆಗಾರರು ನಿಜವಾಗ್ಲೂ ಕಾಣೆ. ಅವನನ್ನ ಬಲ್ಲ ಅಧಿಕಾರಿ ಇಲ್ಲೇ ಎದುರಿಗೆ ನಿಂತಿದ್ದಾನೆ. ಇಷ್ಟೂ ಗೊತ್ತಾಗಿದ್ದು ಒಂದೇ ಒಂದು ಪ್ರಶ್ನೆಯಿಂದ. ಆ ಪ್ರಶ್ನೆ ಬಂದಿದ್ದು ತಲೆ ಹೋದ ಮೇಲೆ.

ನೆಡ್ ವಿಲ್‌ನನ್ನ ಕ್ಷಮಿಸಬೇಕಿತ್ತು ಅಂತ ನಾನು ಹೇಳ್ತಿಲ್ಲ. ಓಡಿ ಬಂದವರನ್ನೆಲ್ಲ ಬಿಟ್ಟುಬಿಟ್ರೆ ಗೋಡೆ ಕಾಯೋಕೆ ಯಾರೂ ಉಳಿಯಲ್ಲ, ಅದು ಒಪ್ಕೊಳ್ತೀನಿ. ನಾಲ್ಕು ದಿನ ಕೂಡಿ ಹಾಕಿ, ಗೋಡೆಗೆ ಒಂದು ಹಕ್ಕಿ ಕಳಿಸಿ ಕೇಳ್ಬಹುದಿತ್ತು. ಅಷ್ಟೇ.

6/10

ಈ ಪೋಸ್ಟ್ ನನಗೆ ತುಂಬಾ ಮುಖ್ಯ. ಬೇರೆ ಏನು ಮರೆತ್ರೂ ಪರ್ವಾಗಿಲ್ಲ, ಇದು ನೆನಪಿಡಿ.

ಅದೇ ಎಪಿಸೋಡಲ್ಲಿ, ಅದೇ ನೆಡ್‌ಗೆ ಇನ್ನೊಂದು ಸುದ್ದಿ ಬರುತ್ತೆ. ರಾತ್ರಿ ಹೊತ್ತು. ಹೆಂಡತಿ ಕ್ಯಾಟ್ಲಿನ್‌ನ ತಂಗಿ ಲೈಸಾ ಬರೆದ ಪತ್ರ. ನನ್ನ ಗಂಡ ಜಾನ್ ಆರಿನ್ ಕಾಯಿಲೆಯಿಂದ ಸತ್ತಿದ್ದಲ್ಲ, ಲ್ಯಾನಿಸ್ಟರ್‌ಗಳು ಕೊಂದ್ರು ಅನ್ನೋದು ಅದರ ಸಾರ. ಲೈಸಾ ಆಗಲೇ ರಾಜಧಾನಿ ಬಿಟ್ಟು ತನ್ನ ಕೋಟೆಗೆ ಓಡಿ ಹೋಗಿದ್ದಾಳೆ.

ಗಮನಿಸಿದ್ರಾ? ಅವಳೂ ಓಡಿ ಬಂದವಳೇ.

ಆಗ ಕ್ಯಾಟ್ಲಿನ್ ವಾದ ಏನು? ಈ ಪತ್ರ ಬೇರೆಯವರ ಕೈಗೆ ಸಿಕ್ಕಿದ್ರೆ ಅವಳ ತಲೆ ಹೋಗ್ತಿತ್ತು, ಖಚಿತವಾಗಿ ಗೊತ್ತಿಲ್ದೆ ಅವಳು ಇಷ್ಟು ದೊಡ್ಡ ಅಪಾಯ ತಗೊಳ್ತಾಳಾ ಅಂತ. ಒಳ್ಳೆ ವಾದ. ನಾನಾದ್ರೂ ಒಪ್ತಿದ್ದೆ. ಆದ್ರೆ ಇದೇ ವಾದವನ್ನ ವಿಲ್‌ಗೆ ಹಾಕಿ ನೋಡಿ. ಓಡಿದ್ರೆ ತಲೆ ಹೋಗುತ್ತೆ ಅಂತ ಗೊತ್ತಿದ್ದೂ ಓಡಿ ಬಂದವನು, ಸಿಕ್ಕಿಬಿದ್ದ ಮೇಲೂ ತಪ್ಪು ಒಪ್ಕೊಂಡು, ಜೀವ ಭಿಕ್ಷೆ ಕೇಳದೆ, ಕಂಡಿದ್ದನ್ನೇ ಹೇಳ್ತಿದ್ದಾನೆ. ಸುಳ್ಳು ಹೇಳಿ ಅವನಿಗೆ ಸಿಗೋದಾದ್ರೂ ಏನು?

ಅವನ ಪರವಾಗಿ ಈ ವಾದ ಮಾಡೋಕೆ ಅಲ್ಲಿ ಯಾರೂ ಇರಲಿಲ್ಲ.

ಇನ್ನೂ ಕೇಳಿ. ಸೀಸನ್ 4ರಲ್ಲಿ, ಅಂದ್ರೆ 2014ರಲ್ಲಿ, ಗೊತ್ತಾಗುತ್ತೆ ಆ ಪತ್ರವೇ ಸುಳ್ಳು ಅಂತ. ಗಂಡನಿಗೆ ವಿಷ ಹಾಕಿದ್ದು ಲೈಸಾನೇ, ಲಿಟಲ್‌ಫಿಂಗರ್‌ನ ಮಾತು ಕೇಳಿ. ಪತ್ರ ಬರೆಸಿದ್ದೂ ಅವನೇ.

ಒಂದೇ ಎಪಿಸೋಡ್, ಒಂದೇ ಮನೆ, ಎರಡು ಸುದ್ದಿ. ಒಂದನ್ನ ತಂದವನು ಹರಿದ ಬಟ್ಟೆಯ, ನಡುಗೋ ಹುಡುಗ. ಅದು ನಿಜ. ಇನ್ನೊಂದನ್ನ ಬರೆದವಳು ದೊಡ್ಡ ಮನೆಯ ಹೆಣ್ಣುಮಗಳು. ಅದು ಸುಳ್ಳು. ಮನೆಯವರು ನಂಬಿದ್ದು ಎರಡನೆಯದನ್ನ. ನೆಡ್ ದಕ್ಷಿಣಕ್ಕೆ ಹೋಗೋ ತೀರ್ಮಾನದ ಹಿಂದೆ ಆ ಸುಳ್ಳು ಪತ್ರ ಇದೆ. ಅವನು ಉತ್ತರದ ಕಡೆ ನೋಡದೇ ಇದ್ದಿದ್ದರ ಹಿಂದೆ ವಿಲ್‌ನ ಸಾವಿದೆ.

7/10

ಇಲ್ಲಿಂದ ಸ್ವಲ್ಪ ನಮ್ಮನೆ ವಿಷಯ. ಯಾಕೆ ಈ ಪಾತ್ರ ನನಗೆ ಇಷ್ಟು ಅಂಟಿಕೊಂಡಿದೆ ಅಂತ ಹೇಳ್ಬೇಕಲ್ಲ.

ನನ್ನ ಚಿಕ್ಕಪ್ಪನ ಮಗ ಒಬ್ಬ ಇದ್ದಾನೆ, ನನಗಿಂತ ಎರಡು ವರ್ಷ ದೊಡ್ಡವನು. ಅವನ ಪರ್ಮಿಷನ್ ತಗೊಂಡೇ ಬರೀತಿದೀನಿ, ಹೆಸರು ಹಾಕಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂತು ಅಂತ ಪಿಯುಸಿಗೆ ದೂರದ ಊರಲ್ಲಿ ಹಾಸ್ಟೆಲ್ ಇರೋ ಕಾಲೇಜಿಗೆ ಸೇರಿಸಿದ್ರು. ಎರಡೇ ತಿಂಗಳು. ಒಂದು ದಿನ ಬೆಳಗಿನ ಜಾವ ಯಾರಿಗೂ ಹೇಳದೆ ರಾತ್ರಿ ಬಸ್ ಹತ್ತಿ ಊರಿಗೆ ಬಂದುಬಿಟ್ಟ. ಕೈಯಲ್ಲಿ ಒಂದು ಸ್ಕೂಲ್ ಬ್ಯಾಗ್ ಅಷ್ಟೇ.

ಮನೆ ತುಂಬ ಜನ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಯಾಕೆ ಓಡಿ ಬಂದೆ? ಕಟ್ಟಿದ ಫೀಸ್ ಏನಾಗ್ಬೇಕು? ಪಕ್ಕದ್ಮನೆ ಹುಡುಗ ಅಲ್ಲೇ ಓದ್ತಿಲ್ವಾ? ಅವನು ಒಂದು ಮಾತಾಡಲಿಲ್ಲ. ಮಾತಾಡಿದ್ರೂ ಅದು ನೆಪ ಅನ್ನಿಸ್ಕೊಳ್ತಿತ್ತು.

ಮಾರನೇ ದಿನ ಮಧ್ಯಾಹ್ನ ಅಜ್ಜಿ ಅವನನ್ನ ಹಿತ್ತಲ ಕಟ್ಟೆ ಮೇಲೆ ಕೂರಿಸ್ಕೊಂಡು ಮೊಸರನ್ನ ಕಲಸಿ ಕೊಟ್ಟು ಕೇಳಿದ್ರು. "ಅಲ್ಲಿ ಏನು ನೋಡ್ದೆ ಮಗಾ?"

ಪ್ರಶ್ನೆ ಬೇರೆ ಆಯ್ತು ನೋಡಿ. ಯಾಕೆ ಓಡಿ ಬಂದೆ ಅಂತಲ್ಲ, ಏನು ನೋಡ್ದೆ ಅಂತ.

ಅವನು ಹೇಳಿದ. ಟೆಸ್ಟಲ್ಲಿ ಮಾರ್ಕ್ಸ್ ಕಮ್ಮಿ ಬಂದವರಿಗೆ ರಾತ್ರಿ ಊಟ ಇಲ್ಲ. ರೂಮಿನ ಒಬ್ಬ ಹುಡುಗನನ್ನ ರಾತ್ರಿಯಿಡೀ ಕಾರಿಡಾರಲ್ಲಿ ನಿಲ್ಲಿಸಿದ್ರು, ಬೆಳಗ್ಗೆ ಅವನಿಗೆ ಜ್ವರ. ಮನೆಗೆ ಫೋನ್ ಮಾಡೋವಾಗ ಪಕ್ಕದಲ್ಲೇ ಒಬ್ಬರು ನಿಂತಿರ್ತಾರೆ. ಹೇಳ್ತಾ ಹೇಳ್ತಾ ಅವನು ಅತ್ತಿದ್ದು ತನಗಾಗಿ ಅಲ್ಲ, ಆ ಜ್ವರದ ಹುಡುಗನಿಗಾಗಿ.

ಅದೇ ವರ್ಷ ನಮ್ಮ ಕಡೆಯ ಇನ್ನೂ ಎರಡು ಮನೆಯವರು ಮಕ್ಕಳನ್ನ ಅಲ್ಲಿಂದ ಬಿಡಿಸಿ ಕರ್ಕೊಂಡು ಬಂದ್ರು. ಆಗ ಮನೆಯಲ್ಲಿ, "ಇವನು ಆಗಲೇ ಹೇಳಿದ್ದ ಬಿಡು" ಅಂದ್ರು. ಆದ್ರೂ ಇವತ್ತಿಗೂ ಮದುವೆ ಮನೆಗಳಲ್ಲಿ ಕೆಲವರಿಗೆ ಅವನು 'ಹಾಸ್ಟೆಲಿಂದ ಓಡಿ ಬಂದ ಹುಡುಗ'.

8/10

ಕಳೆದ ದಸರಾ ರಜೆಯಲ್ಲಿ ಅವನೂ ನಾನೂ ಲ್ಯಾಪ್‌ಟಾಪಲ್ಲಿ ಈ ಎಪಿಸೋಡ್ ನೋಡಿದ್ವಿ. ಅವನಿಗೆ ಅದು ಮೊದಲ ಸಲ. ಐಸ್ ಕತ್ತಿ ಬಿದ್ದ ಮೇಲೆ ಅವನು ಪಾಸ್ ಒತ್ತಿ ಹೇಳಿದ್ದು ಇಷ್ಟೇ: "ಒಂದು ಪ್ರಶ್ನೆನೂ ಕೇಳ್ಲಿಲ್ವಲ್ಲೋ." ಆಮೇಲೆ ಪ್ಲೇ ಒತ್ತಿದ.

ಈಗ ಬಿಕಾಂನವರಿಗೆ ಒಂದು ವಿಷಯ. ಆಡಿಟಿಂಗ್ ಪೇಪರ್‌ನಲ್ಲಿ ಕಿಂಗ್‌ಸ್ಟನ್ ಕಾಟನ್ ಮಿಲ್ ಕೇಸ್ ಓದಿದ್ದೀವಲ್ಲ, 1896ರದ್ದು, ಇಂಗ್ಲೆಂಡಿನದ್ದು. ಮ್ಯಾನೇಜರ್ ವರ್ಷಗಟ್ಟಲೆ ಸ್ಟಾಕ್ ಲೆಕ್ಕ ಉಬ್ಬಿಸಿ ತೋರಿಸಿದ್ದ. ಆಡಿಟರ್‌ಗಳು ಅವನು ಕೊಟ್ಟ ಸರ್ಟಿಫಿಕೇಟ್ ನಂಬಿದ್ರು. ಆಡಿಟರ್ ಕಾವಲು ನಾಯಿ, ಬೇಟೆ ನಾಯಿ ಅಲ್ಲ ಅಂತ ಕೋರ್ಟ್ ಹೇಳ್ತು, ಆಡಿಟರ್‌ಗಳ ಮೇಲೆ ಹೊಣೆ ಹಾಕಲಿಲ್ಲ. ಎಕ್ಸಾಮಲ್ಲಿ ನಾವೆಲ್ಲ ಇಷ್ಟು ಬರೆದು ಅಂಡರ್‌ಲೈನ್ ಹಾಕ್ತೀವಿ.

ಆದ್ರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಅನುಮಾನ ಹುಟ್ಟಿಸೋ ಏನಾದ್ರೂ ಕಣ್ಣಿಗೆ ಬಿದ್ರೆ, ಆಗ ಅದರ ಬುಡದವರೆಗೂ ಹೋಗಿ ನೋಡ್ಬೇಕು.

ನೆಡ್ ಮುಂದೆ ಅನುಮಾನ ಹುಟ್ಟಿಸೋ ವಿಷಯ ಇರಲಿಲ್ವಾ? ಇತ್ತು. ತರಬೇತಿ ಪಡೆದ ರೇಂಜರ್ ಒಬ್ಬ ಸಾವಿಗಿಂತ ಹೆಚ್ಚಾಗಿ ಇನ್ಯಾವುದಕ್ಕೋ ಹೆದರಿ ಬಂದಿದ್ದಾನೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಗೋಡೆಯ ದಕ್ಷಿಣಕ್ಕೆ ಬರಲೇಬಾರದ ಡೈರ್‌ವುಲ್ಫ್ ಸತ್ತು ಬಿದ್ದಿದೆ, ಅದರ ಮರಿಗಳಿವೆ. ಮರಿಗಳನ್ನ ಸಾಕೋಕೆ ಮನೆಗೆ ಕರ್ಕೊಂಡು ಹೋದ್ರು. ಆ ತಾಯಿ ತೋಳ ಯಾಕೆ ಈ ಕಡೆ ಬಂತು ಅಂತ ಯಾರೂ ಹುಡುಕಲಿಲ್ಲ.

ನೈಟ್ಸ್ ವಾಚ್ ಅಂದ್ರೆ ಕಾವಲು. ಕಾವಲು ನಾಯಿ ಬೊಗಳ್ತಾ ಓಡಿ ಬಂದಾಗ, ಜಾಗ ಬಿಟ್ಟು ಯಾಕೆ ಬಂದೆ ಅಂತ ಅದನ್ನೇ ಹೊಡೆದ ಹಾಗಾಯ್ತು.

9/10

ಈಗ ಬಿಲ್ ನೋಡೋಣ. ಕೇಳದೇ ಬಿಟ್ಟ ಪ್ರಶ್ನೆಯ ಬೆಲೆ ಎಷ್ಟಾಯ್ತು?

ಮೊದಲು ನೆಡ್. ಒಂಬತ್ತನೇ ಎಪಿಸೋಡಲ್ಲಿ ಅವನು ತಲೆ ಬಗ್ಗಿಸಿ ಕೂತಿದ್ದಾನೆ. ಜೋಫ್ರಿ ರಾಜನ ಮಗನೇ ಅಲ್ಲ ಅನ್ನೋ ಸತ್ಯ ಗೊತ್ತಿರೋನು, ಜನರ ಮುಂದೆ ದ್ರೋಹಿ ಅನ್ನಿಸ್ಕೊಂಡು ಸಾಯ್ತಾನೆ. ಬೀಳೋದು ಅದೇ ಐಸ್ ಕತ್ತಿ. ಮೊದಲ ಎಪಿಸೋಡಲ್ಲಿ ಜಾನ್ ಬ್ರಾನ್‌ಗೆ ಕಣ್ಣು ತಿರುಗಿಸ್ಬೇಡ ಅಂದಿದ್ದ. ಇಲ್ಲಿ ಯೋರನ್ ಆರ್ಯಾಳನ್ನ ಹಿಡ್ಕೊಂಡು ನೋಡ್ಬೇಡ ಅಂತಾನೆ. ಯೋರನ್ ಯಾರು? ನೈಟ್ಸ್ ವಾಚ್‌ನವನು.

ಆಮೇಲೆ ಬ್ರಾನ್. ಮೊದಲ ಎಪಿಸೋಡಿನ ಕೊನೆಯಲ್ಲೇ ಅವನು ಗೋಪುರದ ಕಿಟಕಿಯಲ್ಲಿ ನೋಡಬಾರದ್ದನ್ನ ನೋಡ್ತಾನೆ, ಜೇಮಿ ಅವನನ್ನ ಕೆಳಗೆ ತಳ್ತಾನೆ. ಅಂದ್ರೆ ಎಪಿಸೋಡ್ ಶುರುವಾಗೋದು ಒಬ್ಬ ಸಾಕ್ಷಿಯಿಂದ, ಮುಗಿಯೋದೂ ಒಬ್ಬ ಸಾಕ್ಷಿಯಿಂದ. ಇಬ್ಬರ ಬಾಯಿಯನ್ನೂ ಮುಚ್ಚಿಸ್ತಾರೆ.

ಕೊನೆಗೆ ಇಡೀ ರಾಜ್ಯ. ಸೀಸನ್ 7, 2017. ಜಾನ್ ಸ್ನೋಗೆ ಈಗ ಸತ್ಯ ಗೊತ್ತು, ಆದ್ರೆ ದಕ್ಷಿಣದವರು ನಂಬಲ್ಲ. ಹಾಗಾಗಿ ಗೋಡೆಯಾಚೆ ಹೋಗಿ ನಡೆದಾಡೋ ಒಂದು ಹೆಣವನ್ನ ಹಿಡಿದು, ಪೆಟ್ಟಿಗೆಯಲ್ಲಿ ಹಾಕಿ, ಸೆರ್ಸಿ ಮುಂದೆ ತಂದು ತೆಗೆದು ತೋರಿಸ್ತಾರೆ. ಆ ಒಂದು ಸಾಕ್ಷಿ ತರೋಕೆ ಎಷ್ಟು ಖರ್ಚಾಯ್ತು? ವಿಸೇರಿಯನ್ ಅನ್ನೋ ಡ್ರ್ಯಾಗನ್ ಸತ್ತಿತು. ಬೆಂಜನ್ ಸತ್ತ, ಹೌದು, ಹಬ್ಬದೂಟದಲ್ಲಿ 'ಇರಬಹುದು' ಅಂದಿದ್ದ ಅದೇ ಬೆಂಜನ್. ಸತ್ತ ಡ್ರ್ಯಾಗನ್ ಶತ್ರುವಿನ ಕಡೆ ಎದ್ದು ನಿಂತು ಗೋಡೆಯನ್ನೇ ಒಡೆದು ಹಾಕಿತು. ಇಷ್ಟಾದ ಮೇಲೂ ಸೆರ್ಸಿ ಸೈನ್ಯ ಕಳಿಸ್ತೀನಿ ಅಂತ ಮಾತು ಕೊಟ್ಟು ಕಳಿಸಲಿಲ್ಲ.

2011ರಲ್ಲಿ ಒಬ್ಬ ಹುಡುಗ ಇದೇ ಸುದ್ದಿಯನ್ನ ಫ್ರೀಯಾಗಿ ತಂದಿದ್ದ. ನಡ್ಕೊಂಡು ಬಂದು, ಬಾಯಿಬಿಟ್ಟು ಹೇಳಿದ್ದ. ಅವನ ಮಾತನ್ನ ತಗೊಂಡಿದ್ರೆ ಕಥೆಯೇ ಬದಲಾಗ್ತಿತ್ತು ಅಂತ ನಾನು ಹೇಳಲ್ಲ. ಆದ್ರೆ ತಯಾರಿಗೆ ಟೈಮ್ ಸಿಗ್ತಿತ್ತು. ಈ ಕಥೆಯಲ್ಲಿ ಕೊನೆಗೆ ಎಲ್ಲರಿಗೂ ಕಮ್ಮಿಯಾಗಿದ್ದು ಅದೇ ಟೈಮ್.

10/10

ಸಣ್ಣ ಪಾತ್ರ ಯಾಕೆ ಮುಖ್ಯ ಅಂತ ಕೇಳಿದ್ರೆ ಸಾಮಾನ್ಯವಾಗಿ ಹೇಳೋದು, ಅವನು ಹೀರೋ ಕಥೆಯನ್ನ ಮುಂದೆ ತಳ್ತಾನೆ ಅಂತ. ವಿಲ್ ವಿಷಯದಲ್ಲಿ ಅದು ಅರ್ಧ ಮಾತ್ರ ನಿಜ. ಅವನು ನಮಗೆ ಒಂದು ಅಳತೆ ಕೊಟ್ಟು ಹೋಗ್ತಾನೆ. ಅವನ ಸಾವಾದ ಮೇಲೆ ಈ ಕಥೆಯಲ್ಲಿ ಯಾರೇ ಬಂದು ಏನೇ ಹೇಳಿದ್ರೂ, ಕೇಳೋರು ಹೇಳಿದ್ದನ್ನ ನೋಡ್ತಿದ್ದಾರಾ, ಹೇಳಿದವನ ಬಟ್ಟೆ ನೋಡ್ತಿದ್ದಾರಾ ಅಂತ ನಾವು ಲೆಕ್ಕ ಹಾಕ್ಬಹುದು. ಎರಡನೇ ಸಲ ನೋಡುವಾಗ ಇದನ್ನ ಮನಸ್ಸಲ್ಲಿಟ್ಟು ನೋಡಿ, ಬೇರೆ ಸೀರೀಸೇ ಕಾಣುತ್ತೆ.

ಇನ್ನು ನಮ್ಮ ಸುತ್ತ. ಸೆಮಿಸ್ಟರ್ ಮಧ್ಯೆ ಪಿಜಿ ಖಾಲಿ ಮಾಡಿ ಊರಿಗೆ ಹೋದ ಫ್ರೆಂಡ್ ಇರ್ತಾಳೆ. ಆರ್ಟಿಕಲ್‌ಶಿಪ್‌ಗೆ ಸೇರಿ ಮೂರೇ ವಾರಕ್ಕೆ ಬಿಟ್ಟು ಬಂದ ಸೀನಿಯರ್ ಇರ್ತಾನೆ. ಕ್ಲಾಸ್ ಗ್ರೂಪಿಂದ ಸದ್ದಿಲ್ಲದೆ ಎಕ್ಸಿಟ್ ಆದವರು ಇರ್ತಾರೆ. ನಾವು ತಕ್ಷಣ ಹೇಳೋದು, "ಅವನಿಗೆ ಆಗಲ್ಲ ಮಗಾ, ಓಡಿ ಬಂದ." ಕೆಲವು ಸಲ ಅದೇ ನಿಜ ಇರಬಹುದು. ಎಲ್ಲರೂ ವೈಟ್ ವಾಕರ್ ನೋಡಿರಲ್ಲ, ಕೆಲವರಿಗೆ ಮೆಸ್ ಊಟ ಸರಿ ಬಂದಿರಲ್ಲ ಅಷ್ಟೇ. ಆದ್ರೆ ಯಾವುದು ಅಂತ ಗೊತ್ತಾಗ್ಬೇಕಾದ್ರೆ ಕೇಳ್ಲೇಬೇಕು. ಓಡಿ ಬಂದ ಅನ್ನೋದು ಒಂದು ವಿಷಯ, ಏನು ನೋಡಿ ಓಡಿ ಬಂದ ಅನ್ನೋದು ಬೇರೆ ವಿಷಯ. ಮೊದಲನೆಯದಕ್ಕೆ ಶಿಕ್ಷೆ ಕೊಡೋ ಅವಸರದಲ್ಲಿ ಎರಡನೆಯದು ಮಣ್ಣಾಗ್ಬಾರದು.

ನಮ್ಮ ಅಜ್ಜಿ ಈ ಸೀರೀಸ್ ನೋಡಿಲ್ಲ, ನೋಡೋದೂ ಬೇಡ. ನೆಡ್ ಸ್ಟಾರ್ಕ್ ಕೇಳದ ಪ್ರಶ್ನೆಯನ್ನ ಅವರು ಒಂದು ಬಟ್ಟಲು ಮೊಸರನ್ನದ ಜೊತೆ ಕೇಳಿದ್ರು. ನೀವೂ ಕೇಳಬಹುದು. ಕತ್ತಿ ಬೇಡ, ಕೋಟೆ ಬೇಡ, ಹತ್ತು ನಿಮಿಷ ಸಾಕು.

ಈಗ ನಿಮ್ಮ ಸರದಿ. ಯಾವುದೇ ಸೀರೀಸ್ ಇರಲಿ, ಮೊದಲ ಎಪಿಸೋಡಲ್ಲೇ ಬಂದು ಹೋಗಿ ನಿಮ್ಮ ತಲೆಯಲ್ಲಿ ಉಳ್ಕೊಂಡ ಸಣ್ಣ ಪಾತ್ರ ಯಾವುದು? ಕಾಮೆಂಟಲ್ಲಿ ಬರೀರಿ, ಎಲ್ಲ ಓದ್ತೀನಿ. ಯಾರಿಗಾದ್ರೂ ಈ ಸರಣಿ ಕಳಿಸ್ಬೇಕು ಅನ್ನಿಸಿದ್ರೆ ಬರೀ ಕಳಿಸ್ಬೇಡಿ, ಜೊತೆಗೆ ಒಂದು ಫೋನ್ ಮಾಡಿ.

#ವಿಲ್ #ಗೇಮ್‌ಆಫ್‌ಥ್ರೋನ್ಸ್ #ಮೊದಲಎಪಿಸೋಡ್ #ಸಣ್ಣಪಾತ್ರ #ಕನ್ನಡದಲ್ಲಿ